ಸಿಯಾಚಿನ್ ಎಂಬುದು ಬಾಯಿ ಮುಚ್ಚಿಸುವ ಮಾತಲ್ಲ

ಯಾವ ವಾದವನ್ನಾದರೂ ಒಂದೇ ಏಟಿಗೆ ಮುಗಿಸಿಬಿಡುವ ವಾಕ್ಯವೊಂದು ನಮ್ಮ ದೇಶದಲ್ಲಿ ಚಾಲ್ತಿಯಲ್ಲಿದೆ. ‘ಅಲ್ಲಿ ಸಿಯಾಚಿನ್‌ನಲ್ಲಿ ನಮ್ಮ ಯೋಧರು ಮೈ ಕೊರೆಯುವ ಚಳಿಯಲ್ಲಿ ನಿಂತಿದ್ದಾರೆ, ನಿನಗೇನು ಧಾಡಿ?’ 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಎಟಿಎಂ ಮುಂದೆ ನಿಂತು ಗೊಣಗಿದವರಿಗೆಲ್ಲ ಇದೇ ಉತ್ತರ ಸಿಕ್ಕಿತು. ಆಮೇಲೆ ಅದು ಎಲ್ಲದಕ್ಕೂ ಬಂತು. ಹಿಂಜವಡಿಯ ಟ್ರಾಫಿಕ್ ಬಗ್ಗೆ ಬೈದರೆ ಸಿಯಾಚಿನ್, ನೀರಿನ ಟ್ಯಾಂಕರ್ ಬರಲಿಲ್ಲವೆಂದರೆ ಸಿಯಾಚಿನ್, ಪಗಾರ ಏರಲಿಲ್ಲವೆಂದರೂ ಸಿಯಾಚಿನ್. ಪುಣೆಗೆ ಬಂದು ಸೇರಿದ ನಮ್ಮ ಕಡೆಯ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ವಾರಕ್ಕೊಮ್ಮೆಯಾದರೂ ಈ ಮಾತು ಕಣ್ಣಿಗೆ ಬೀಳುತ್ತದೆ.

ಇದಕ್ಕೆ ನನ್ನ ತಕರಾರಿದೆ. ಈ ವಾಕ್ಯ ಆಡುವವರು ಯೋಧರ ಬಗ್ಗೆ ಮಾತಾಡುತ್ತಿಲ್ಲ, ಯೋಧರನ್ನು ಅಡ್ಡ ನಿಲ್ಲಿಸಿಕೊಂಡು ತಮ್ಮ ವಾದ ಗೆಲ್ಲುತ್ತಿದ್ದಾರೆ. ನಿಜಕ್ಕೂ ಅವರ ಬಗ್ಗೆ ಕಾಳಜಿ ಇದ್ದರೆ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಅವರು ಅಲ್ಲಿ ಯಾಕೆ ನಿಂತಿದ್ದಾರೆ? ಇನ್ನೆಷ್ಟು ವರ್ಷ ನಿಲ್ಲಬೇಕು? ಅವರ ಕಾಲ ಕೆಳಗಿನ ಹಿಮವೇ ಅಲುಗಾಡುತ್ತಿರುವಾಗ ಅಲ್ಲಿ ನಿಲ್ಲಿಸಿದವರ ಹೊಣೆ ಏನು? ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡೂ ದೇಶದ ಸೇನೆಗಳು ಒಟ್ಟಿಗೆ, ಲಿಖಿತ ಒಪ್ಪಂದದ ಮೇಲೆ, ಆ ಹಿಮನದಿಯಿಂದ ಕೆಳಗಿಳಿಯಬೇಕು. ಅಲ್ಲಿ ಬಂದೂಕಿನ ಬದಲು ವಿಜ್ಞಾನಿಗಳ ಉಪಕರಣಗಳು ಇರಬೇಕು. ನಾವೊಬ್ಬರೇ ಇಳಿದು ಬರೋಣ ಎಂದು ನಾನು ಹೇಳುತ್ತಿಲ್ಲ. ಆದರೆ ಇಳಿಯುವ ಮಾತೇ ದೇಶದ್ರೋಹ ಎನ್ನುವ ವಾತಾವರಣ ನಮ್ಮದೇ ಮಕ್ಕಳನ್ನು ಕೊಲ್ಲುತ್ತಿದೆ ಎಂದು ಹೇಳುತ್ತಿದ್ದೇನೆ.

ಎಟಿಎಂ ಸಾಲಿನಲ್ಲಿ ಆ ಮಾತು ಹುಟ್ಟುವ ಒಂಬತ್ತು ತಿಂಗಳ ಮುಂಚೆ, ಅದೇ 2016ರ ಫೆಬ್ರುವರಿ 3ರಂದು, ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕಳಚಿ ಬಿತ್ತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ಹತ್ತು ಮಂದಿ ಅದರಡಿ ಸಿಕ್ಕಿದರು. ಆರು ದಿನದ ಮೇಲೆ, 25 ಅಡಿಗೂ ಹೆಚ್ಚು ಹಿಮ ಅಗೆದಾಗ, ಒಬ್ಬರು ಉಸಿರಾಡುತ್ತಿದ್ದರು. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಅವರನ್ನು ದಿಲ್ಲಿಗೆ ತಂದರು. ಕರ್ನಾಟಕದ ಗುಡಿ, ಮಸೀದಿ, ಚರ್ಚುಗಳಲ್ಲೆಲ್ಲ ಪ್ರಾರ್ಥನೆ ನಡೆಯಿತು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಅದೇ ಹಿಮದಡಿ ಹೋದವರಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ಟಿ.ಟಿ. ನಾಗೇಶ್ ಇದ್ದರು, ಎಚ್.ಡಿ. ಕೋಟೆ ಕಡೆಯ ಸಿಪಾಯಿ ಪಿ.ಎನ್. ಮಹೇಶ್ ಇದ್ದರು. ನಮ್ಮ ಪುಣೆಯ ಪಕ್ಕದ ಸಾತಾರಾ ಜಿಲ್ಲೆಯ ಮಾಣ ತಾಲೂಕಿನ ನರ್ಸಿಂಗ್ ಅಸಿಸ್ಟೆಂಟ್ ಒಬ್ಬರೂ ಇದ್ದರು. ಅಂದರೆ ನಾವು ಬಿಟ್ಟು ಬಂದ ನೆಲದವರು ಮೂವರು, ಬಂದು ಸೇರಿದ ನೆಲದವರು ಒಬ್ಬರು.

ಇವರನ್ನು ಕೊಂದದ್ದು ಯಾರು? ಶತ್ರುವಿನ ಗುಂಡಲ್ಲ. 2003ರ ನವೆಂಬರಿನ ಕದನ ವಿರಾಮದ ನಂತರ ಸಿಯಾಚಿನ್‌ನಲ್ಲಿ ತುಪಾಕಿಗಳು ಸುಮ್ಮನಾಗಿವೆ. ಅಲ್ಲಿ ಸಾಯುವವರು ಸಾಯುವುದು ಹಿಮ ಕುಸಿದು, ಹಿಮದ ಬಿರುಕಿಗೆ ಜಾರಿ, ಶ್ವಾಸಕೋಶದಲ್ಲಿ ನೀರು ತುಂಬಿ, ಮಿದುಳು ಬಾತು. 1984ರಿಂದ 2015ರ ಡಿಸೆಂಬರ್‌ವರೆಗೆ ಹವಾಮಾನ, ಪರಿಸರ ಮತ್ತಿತರ ಕಾರಣಗಳಿಂದ 869 ಸೈನಿಕರು ಅಲ್ಲಿ ಪ್ರಾಣ ಬಿಟ್ಟರೆಂದು ಸರ್ಕಾರವೇ ಸಂಸತ್ತಿಗೆ ಹೇಳಿದೆ. ಸೋನಮ್ ಠಾಣೆಯ ಹತ್ತು ಮಂದಿ ಆ ಲೆಕ್ಕದ ಆಚೆಗಿನವರು. ಸತ್ತವರ ಲೆಕ್ಕ ಹೀಗಾದರೆ, ಚಳಿಗೆ ಕರಿಗಟ್ಟಿದ ಬೆರಳು, ಪಾದ ಕತ್ತರಿಸಿಕೊಂಡು ಊರಿಗೆ ಬಂದವರ ಲೆಕ್ಕ ಬೇರೆ. ಪುಣೆಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಾನವಡಿ ಕಡೆ ಓಡಾಡುವವರು ಸೇನೆಯ ಕೃತಕ ಅಂಗ ಕೇಂದ್ರದ ಫಲಕ ನೋಡಿಯೇ ಇರುತ್ತೀರಿ. 1944ರಲ್ಲಿ ಶುರುವಾದ ಆ ಕೇಂದ್ರಕ್ಕೆ ಇಂದಿಗೂ ಕೆಲಸ ಕಡಿಮೆಯಾಗಿಲ್ಲ.

ಈ ಜಗಳದ ಬೇರು ಒಂದು ಅರೆಬರೆ ವಾಕ್ಯದಲ್ಲಿದೆ. 1949ರ ಕರಾಚಿ ಒಪ್ಪಂದದಲ್ಲಿ ಕದನ ವಿರಾಮ ರೇಖೆಯನ್ನು ಎಳೆಯುತ್ತಾ ಹೋದ ಅಧಿಕಾರಿಗಳು ಎನ್‌ಜೆ 9842 ಎಂಬ ಬಿಂದುವಿನಲ್ಲಿ ಪೆನ್ನು ಎತ್ತಿದರು. ಅದರಾಚೆಗೆ ರೇಖೆ ಉತ್ತರಕ್ಕೆ ಹಿಮನದಿಗಳ ಕಡೆ ಹೋಗುತ್ತದೆ ಎಂದಷ್ಟೇ ಬರೆದು ಕೈ ತೊಳೆದುಕೊಂಡರು. ಅಲ್ಲಿ ಯಾರು ಹೋಗುತ್ತಾರೆ, ಯಾರಿಗೆ ಬೇಕು ಎಂಬ ಭಾವನೆ. 1972ರ ಶಿಮ್ಲಾ ಒಪ್ಪಂದದ ನಂತರ ನಿಯಂತ್ರಣ ರೇಖೆ ಗುರುತಿಸುವಾಗಲೂ ಆ ಬಿಂದುವಿನಾಚೆ ಯಾರೂ ಹೋಗಲಿಲ್ಲ. ಪಾಕಿಸ್ತಾನ ಅಲ್ಲಿಗೆ ವಿದೇಶಿ ಪರ್ವತಾರೋಹಿಗಳಿಗೆ ಪರವಾನಗಿ ಕೊಡತೊಡಗಿತು, ನಕಾಶೆಗಳಲ್ಲಿ ಗೆರೆ ಬೇರೆಡೆ ವಾಲತೊಡಗಿತು. 1984ರ ಏಪ್ರಿಲ್ 13ರಂದು ಭಾರತೀಯ ಸೇನೆ ಬಿಲಾಫೊಂಡ್ ಲಾ ಕಣಿವೆಗೆ ಇಳಿಯಿತು. ಕಾರ್ಯಾಚರಣೆಯ ಹೆಸರು ‘ಮೇಘದೂತ’. ಊರು ಬಿಟ್ಟು ದೂರದಲ್ಲಿ ಕೊರಗುವ ಯಕ್ಷ ಉತ್ತರದ ಹಿಮದೂರಿಗೆ ಮೋಡದ ಕೈಲಿ ಸುದ್ದಿ ಕಳಿಸುವ ಕಾವ್ಯದ ಹೆಸರನ್ನು ಇದಕ್ಕೆ ಇಟ್ಟವರು ಯಾರೋ!

ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟು ಅಲೆಯುವುದನ್ನು ನೋಡಿದ್ದೇವೆ. ಬದುವಿನ ಮೇಲೆ ಬೆಳೆಯುವುದು ಹಿಡಿ ಹುಲ್ಲು. ಆದರೂ ಅದರ ಖರ್ಚಿಗೆ ಹೊಲವೇ ಮಾರಾಟವಾಗುತ್ತದೆ. ಗಡಿ ಎಂದರೆ ತಲೆಗೇರುವ ಅಮಲು ಎಂಥದ್ದೆಂದು ಪುಣೆಯ ಕನ್ನಡಿಗರಿಗಿಂತ ಚೆನ್ನಾಗಿ ಬಲ್ಲವರಾರು? 2022ರ ಕೊನೆಗೆ ಬೆಳಗಾವಿ ವಿಷಯ ಎದ್ದಾಗ ಇಲ್ಲಿನ ಸ್ವಾರಗೇಟ್ ಬಳಿ ಕರ್ನಾಟಕದ ಬಸ್ಸುಗಳಿಗೆ ಕಪ್ಪು ಬಣ್ಣ ಬಳಿದರು, ಅಲ್ಲಿ ಬೆಳಗಾವಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ತೊಂದರೆಪಟ್ಟವರು ಗಡಿ ಎಳೆದವರಲ್ಲ, ರಜೆಗೆ ಊರಿಗೆ ಹೊರಟಿದ್ದ ನಾವು. ಆದರೆ ಅಲ್ಲಿ ಜನರಿದ್ದರು, ಭಾಷೆಯಿತ್ತು, ಶಾಲೆಗಳಿದ್ದವು, ಜಗಳಕ್ಕೆ ಏನೋ ಒಂದು ಕಾರಣವಿತ್ತು. ಸುಮಾರು 76 ಕಿಲೋಮೀಟರ್ ಉದ್ದದ ಸಿಯಾಚಿನ್ ಹಿಮನದಿಯ ಮೇಲೆ ಒಂದು ಮನೆಯೂ ಇಲ್ಲ, ಒಂದು ಗಿಡವೂ ಇಲ್ಲ.

ಇಷ್ಟು ಹಳೆಯ ಕತೆ. ಈಗ ಹೊಸದೊಂದು ಸೇರಿದೆ. ಉತ್ತರ ಧ್ರುವ, ದಕ್ಷಿಣ ಧ್ರುವ ಬಿಟ್ಟರೆ ಅತಿ ಹೆಚ್ಚು ಹಿಮ ಇರುವುದು ಹಿಮಾಲಯ, ಕಾರಕೋರಂ, ಹಿಂದೂಕುಶ್ ಸಾಲಿನಲ್ಲಿ. ಅದಕ್ಕೇ ಇದಕ್ಕೆ ಮೂರನೆಯ ಧ್ರುವ ಎಂಬ ಹೆಸರು. ಭೂಮಿಯ ತಾಪ ಏರುವುದನ್ನು 1.5 ಡಿಗ್ರಿಗೆ ತಡೆದರೂ ಈ ಶತಮಾನದ ಕೊನೆಗೆ ಇಲ್ಲಿನ ಹಿಮದಲ್ಲಿ ಮೂರನೇ ಒಂದು ಭಾಗ ಹೋಗಿರುತ್ತದೆ ಎಂದು ಕಾಠ್ಮಂಡುವಿನ ಪರ್ವತ ಅಧ್ಯಯನ ಸಂಸ್ಥೆ ಐಸಿಮೋಡ್ 2019ರಲ್ಲೇ ಹೇಳಿತು. ತಡೆಯದಿದ್ದರೆ ಮೂರರಲ್ಲಿ ಎರಡು ಭಾಗ. ಕಾರಕೋರಂನ ಹಿಮನದಿಗಳು ಉಳಿದ ಹಿಮಾಲಯದಷ್ಟು ವೇಗವಾಗಿ ಕರಗುತ್ತಿಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಮಾತು ನಿಜ, ವಿಜ್ಞಾನಿಗಳೂ ಒಪ್ಪುತ್ತಾರೆ. ಆದರೆ ಅಲ್ಲಿ ನಿಂತ ಸೈನಿಕನಿಗೆ ಹಿಮನದಿಯ ಒಟ್ಟು ತೂಕ ಮುಖ್ಯವಲ್ಲ. ತನ್ನ ಡೇರೆಯ ಮೇಲಿನ ಇಳಿಜಾರು ಈ ರಾತ್ರಿ ನಿಲ್ಲುತ್ತದೆಯೇ ಎಂಬುದು ಮುಖ್ಯ. ಬಿಸಿಲು ಏರಿ, ಮೇಲಿನ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಅದರ ಮೇಲೆ ಹೊಸ ಹಿಮ ಬಿದ್ದರೆ ಪದರಗಳ ನಡುವಿನ ಹಿಡಿತ ಸಡಿಲಾಗುತ್ತದೆ. ಬಂಡೆಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ನೆಲದೊಳಗಿನ ಹಿಮ ಮೆತ್ತಗಾದರೆ ಗುಡ್ಡವೇ ಜಾರುತ್ತದೆ. ಇಂಥ ಕಡೆ ಹಿಂದಿನ ಅನುಭವ ಕೈಕೊಡುತ್ತದೆ. ‘ಇಪ್ಪತ್ತು ವರ್ಷದಿಂದ ಈ ಜಾಗಕ್ಕೆ ಏನೂ ಆಗಿಲ್ಲ’ ಎಂಬ ಮಾತಿಗೆ ಬೆಲೆ ಉಳಿಯುವುದಿಲ್ಲ.

2012ರ ಏಪ್ರಿಲ್ 7ರಂದು ಆಚೆ ಕಡೆ, ಗಯಾರಿಯಲ್ಲಿದ್ದ ಪಾಕಿಸ್ತಾನಿ ಬೆಟಾಲಿಯನ್ನಿನ ನೆಲೆ ಇಡಿಯಾಗಿ ಹಿಮ, ಕಲ್ಲು, ಮಣ್ಣಿನಡಿ ಹೂತುಹೋಯಿತು. 129 ಸೈನಿಕರು, 11 ನಾಗರಿಕರು, ಒಟ್ಟು 140 ಜನ. 2019ರ ನವೆಂಬರಿನಲ್ಲಿ ನಮ್ಮ ಕಡೆ ನಾಲ್ವರು ಸೈನಿಕರು, ಅವರ ಜೊತೆ ಹೊರೆ ಹೊತ್ತಿದ್ದ ಇಬ್ಬರು ಕೂಲಿಗಳು ಹೋದರು. 2025ರ ಸೆಪ್ಟೆಂಬರಿನಲ್ಲಿ ಹಿಮ ಕುಸಿದು ಮೂವರು ಸತ್ತದ್ದು ಶಿಖರದ ಠಾಣೆಯಲ್ಲಲ್ಲ, ಕೆಳಗಿನ ಬೇಸ್ ಕ್ಯಾಂಪಿನಲ್ಲಿ. ಅವರಲ್ಲಿ ಅಗ್ನಿವೀರರೂ ಇದ್ದರು. ಇದು ಸಿಯಾಚಿನ್‌ಗೆ ಮಾತ್ರ ಸೀಮಿತವೂ ಅಲ್ಲ. 2023ರ ಅಕ್ಟೋಬರ್ 4ರ ನಸುಕಿನಲ್ಲಿ ಸಿಕ್ಕಿಂನ ದಕ್ಷಿಣ ಲ್ಹೋನಾಕ್ ಹಿಮಸರೋವರ ಒಡೆದು ತೀಸ್ತಾ ನದಿ ಉಕ್ಕಿದಾಗ ಚುಂಗ್‌ಥಾಂಗ್‌ನ ಅಣೆಕಟ್ಟೇ ಕೊಚ್ಚಿಹೋಯಿತು. ಕೆಳಗೆ ಬಿಡಾರ ಹೂಡಿದ್ದ 23 ಸೈನಿಕರು ಕಾಣೆಯಾದರು, ಮೊದಲ ದಿನ ಜೀವಂತ ಸಿಕ್ಕವರು ಒಬ್ಬರೇ. ಯಾವುದೇ ಒಂದು ಕುಸಿತವನ್ನು ತೋರಿಸಿ ‘ಇದು ಹವಾಮಾನ ಬದಲಾವಣೆಯದೇ ಕೆಲಸ’ ಎಂದು ಬೆರಳು ಮಾಡಲಾಗದು. ಆದರೆ ಬೆಟ್ಟ ತನ್ನ ಹಳೆಯ ಲೆಕ್ಕ ಬಿಟ್ಟು ನಡೆಯುತ್ತಿದೆ, ನಮ್ಮ ರಕ್ಷಣಾ ನೀತಿ ಮಾತ್ರ 1984ರಲ್ಲೇ ನಿಂತಿದೆ ಎಂದು ಖಂಡಿತ ಹೇಳಬಹುದು.

ಹಿಮ ನಮಗೆ ಏನು ಮಾಡುತ್ತಿದೆ ಎಂಬುದಾಯಿತು. ನಾವು ಹಿಮಕ್ಕೆ ಏನು ಮಾಡುತ್ತಿದ್ದೇವೆ? ಅಲ್ಲಿ ಬದುಕಲು ಬೇಕಾದದ್ದೆಲ್ಲ ಕೆಳಗಿನಿಂದಲೇ ಹೋಗಬೇಕು: ಸೀಮೆಎಣ್ಣೆ, ಡಬ್ಬಿಯ ಊಟ, ಮದ್ದುಗುಂಡು, ಬ್ಯಾಟರಿ. ಹೋದದ್ದು ಹೆಚ್ಚಿನಂಶ ವಾಪಸು ಬರುವುದಿಲ್ಲ. ಖಾಲಿ ಡಬ್ಬಿ, ಪ್ಯಾರಾಚೂಟು, ಮಲ ಎಲ್ಲವೂ ಹಿಮದ ಬಿರುಕಿಗೆ. 2018ರಿಂದ ಸೇನೆಯೇ ಒಂದು ಅಭಿಯಾನ ಮಾಡಿ ಸುಮಾರು 130 ಟನ್ ಕಸ ಇಳಿಸಿತು. ಶ್ಲಾಘಿಸಬೇಕಾದ ಕೆಲಸ. ಆದರೆ ನಾಲ್ಕು ದಶಕದ ಉಳಿದ ಕಸ ಹಿಮದೊಳಗೇ ಇದೆ. ಹಿಮನದಿ ಹೆಸರಿಗೆ ತಕ್ಕಂತೆ ನದಿಯೇ, ನಿಧಾನ ಹರಿಯುತ್ತದೆ. ಸಿಯಾಚಿನ್ ಕರಗಿ ನುಬ್ರಾ ಆಗುತ್ತದೆ, ನುಬ್ರಾ ಶ್ಯೋಕ್ ಸೇರುತ್ತದೆ, ಶ್ಯೋಕ್ ಸಿಂಧುವಿಗೆ. ಹೂತಿಟ್ಟದ್ದು ಒಂದು ದಿನ ಯಾರದೋ ಕುಡಿಯುವ ನೀರಿಗೆ ಬರುತ್ತದೆ. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೇನೆ ಗ್ರೀನ್‌ಲ್ಯಾಂಡಿನ ಹಿಮದೊಳಗೆ ಕ್ಯಾಂಪ್ ಸೆಂಚುರಿ ಎಂಬ ನೆಲೆಯನ್ನೇ ಕೊರೆದಿತ್ತು. 1967ರಲ್ಲಿ ಬಿಟ್ಟು ಹೋಗುವಾಗ ತೈಲ, ರಾಸಾಯನಿಕ, ಕೊಳಚೆ ಎಲ್ಲ ಅಲ್ಲೇ ಬಿಟ್ಟರು. ಹಿಮ ಎಂದೆಂದಿಗೂ ಮುಚ್ಚಿಡುತ್ತದೆ ಎಂಬ ನಂಬಿಕೆ. ತಾಪ ಹೀಗೇ ಏರಿದರೆ ಮುಂದೆ ಅದೆಲ್ಲ ಹೊರಬರಬಹುದು ಎಂದು 2016ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು. ಹಿಮ ಯಾರ ಗುಟ್ಟನ್ನೂ ಕಾಯುವುದಿಲ್ಲ.

ಪುಣೆಯಲ್ಲಿ ಕೂತು ಇದನ್ನೆಲ್ಲ ಯಾಕೆ ಹಚ್ಚಿಕೊಳ್ಳಬೇಕು? ಶಿವಾಜಿನಗರದಲ್ಲಿ ಹವಾಮಾನ ಇಲಾಖೆಯ ಹಳೆಯ ಕಲ್ಲಿನ ಕಟ್ಟಡವಿದೆ. ಜನ ಅದನ್ನು ಇಂದಿಗೂ ‘ಶಿಮ್ಲಾ ಆಫೀಸ್’ ಎನ್ನುತ್ತಾರೆ. 1928ರಲ್ಲಿ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂತು, ಹೆಸರು ಜೊತೆಗೇ ಇಳಿದು ಬಂತು. ಆ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ 1884ರಲ್ಲಿ, ಅಂದರೆ ಮೇಘದೂತ ಕಾರ್ಯಾಚರಣೆಗೆ ಸರಿಯಾಗಿ ನೂರು ವರ್ಷ ಮೊದಲು, ಹಿಮಾಲಯದ ಹಿಮಕ್ಕೂ ಬಯಲಿನ ಮಳೆಗೂ ಸಂಬಂಧವಿದೆ, ಅಲ್ಲಿ ಹಿಮ ಹೆಚ್ಚಾದ ವರ್ಷ ಇಲ್ಲಿ ಮುಂಗಾರು ಸೊರಗುತ್ತದೆ ಎಂದು ಬರೆದ. ಆ ಸಂಬಂಧ ಅವನು ಎಣಿಸಿದಷ್ಟು ಸರಳವಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಅವನು ಎತ್ತಿದ ಪ್ರಶ್ನೆ ಇನ್ನೂ ಬದುಕಿದೆ. ಪಾಷಾಣ್‌ನ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಮುಂಗಾರಿನ ಬೇರು ಹುಡುಕುತ್ತಾ ಆರ್ಕ್ಟಿಕ್‌ವರೆಗೂ ಹೋಗುತ್ತಾರೆ. 2023ರ ಡಿಸೆಂಬರಿನಲ್ಲಿ ಹೊರಟ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರ ಜೊತೆ ಈ ಸಂಸ್ಥೆಯವರೂ ಇದ್ದರು. ಕುಂದಗೋಳದ ಎರೆ ಹೊಲದ ರೈತ ಮುಗಿಲು ನೋಡಿ ಮೆಣಸಿನಕಾಯಿ, ಹತ್ತಿ ಹಾಕುತ್ತಾನೆ. ಮುಗಿಲು ಕೈಕೊಟ್ಟ ಊರುಗಳಲ್ಲೇ ಸೇನಾ ಭರ್ತಿಯ ಮೈದಾನಕ್ಕೆ ನಸುಕಿನಲ್ಲಿ ಓಡುವ ಹುಡುಗರ ಸಾಲು ಉದ್ದವಾಗುತ್ತದೆ. ಮಳೆ ತಪ್ಪಿದ್ದಕ್ಕೆ ಹೊಲ ಬಿಟ್ಟ ಹುಡುಗನನ್ನು ಅಲುಗಾಡುವ ಹಿಮದ ಮೇಲೆ ನಿಲ್ಲಿಸುತ್ತೇವೆ. ಅವನಿಗೆ ಎರಡೂ ಕಡೆ ಎದುರಾಳಿ ಒಂದೇ.

ಬೇರೆ ದಾರಿಯೇ ಇಲ್ಲ ಎನ್ನುವವರಿಗೆ ನಮ್ಮ ಸೇನೆಯದೇ ಇನ್ನೊಂದು ಕತೆ ಹೇಳಬೇಕು. 1959ರ ಅಂಟಾರ್ಕ್ಟಿಕಾ ಒಪ್ಪಂದದ ಪ್ರಕಾರ ಆ ಖಂಡದಲ್ಲಿ ಸೇನಾ ನೆಲೆ ಕಟ್ಟುವಂತಿಲ್ಲ, ಶಸ್ತ್ರ ಪರೀಕ್ಷಿಸುವಂತಿಲ್ಲ. ಸೈನಿಕರು ಹೋಗಬಹುದು, ವಿಜ್ಞಾನದ ಕೆಲಸಕ್ಕೆ ಕೈಜೋಡಿಸಲು ಮಾತ್ರ. ಶೀತಲ ಸಮರದ ನಡುಮಧ್ಯೆ ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಸಹಿ ಹಾಕಿದವು. ಅಲ್ಲಿ ಏಳು ದೇಶಗಳು ನೆಲದ ಹಕ್ಕು ಸಾಧಿಸುತ್ತಿದ್ದವು. ಹಕ್ಕು ಬಿಡಿ ಎಂದು ಒಪ್ಪಂದ ಯಾರಿಗೂ ಹೇಳಲಿಲ್ಲ. ಹಕ್ಕಿನ ಮಾತು ಹಾಗೇ ಇರಲಿ, ಬಂದೂಕು ಬೇಡ ಎಂದಿತು. ಭಾರತ 1983ರಲ್ಲಿ ಸೇರಿತು. ಅಲ್ಲಿ ನಮ್ಮ ಮೊದಲ ನೆಲೆ ದಕ್ಷಿಣ ಗಂಗೋತ್ರಿಯನ್ನು ಎಬ್ಬಿಸಲು ದುಡಿದವರು ಸೈನಿಕರು. 1984ರ ಮಾರ್ಚಿನಲ್ಲಿ ಮೊದಲ ಸಲ ಚಳಿಗಾಲ ಕಳೆಯಲು ಉಳಿದ ಭಾರತೀಯ ತಂಡದ ಮುಖಂಡರೂ ಸೇನಾಧಿಕಾರಿ, ಲೆಫ್ಟಿನೆಂಟ್ ಕರ್ನಲ್ ಸತ್ಯಸ್ವರೂಪ ಶರ್ಮಾ. ಮುಂದಿನ ತಿಂಗಳೇ ಸಿಯಾಚಿನ್ ಹತ್ತಿದ್ದು. ಒಂದೇ ವರ್ಷ, ಒಂದೇ ಸೇನೆ, ಎರಡು ಹಿಮ. ಒಂದರ ಮೇಲೆ ಬಂದೂಕಿಲ್ಲದೆ, ಇನ್ನೊಂದರ ಮೇಲೆ ಬಂದೂಕು ಹಿಡಿದು. 1989ರಲ್ಲಿ ಸಿದ್ಧವಾದ ಎರಡನೆಯ ನೆಲೆ ಮೈತ್ರಿಯ ವಿನ್ಯಾಸದ ಹಿಂದಿದ್ದದ್ದು ನಮ್ಮ ಪುಣೆಯ ದಿಘಿಯಲ್ಲಿರುವ ಡಿಆರ್‌ಡಿಓ ಎಂಜಿನಿಯರಿಂಗ್ ಪ್ರಯೋಗಾಲಯ. ಯುದ್ಧಕ್ಕೆ ಸೇತುವೆ ಕಟ್ಟುವ ಕೈಗಳೇ ಅವು. ಹಾಗಾಗಿ, ಹಿಮದ ಮೇಲೆ ಬಂದೂಕಿಲ್ಲದೆ ಇರುವುದು ಹೇಗೆಂದು ನಮ್ಮ ಸೇನೆಗೆ ಯಾರೂ ಕಲಿಸಬೇಕಿಲ್ಲ.

ಬಂದೂಕು ನುಗ್ಗಿದರೆ ಏನಾಗುತ್ತದೆಂದು ನೋಡಲು ಉತ್ತರ ಧ್ರುವದ ಕಡೆ ತಿರುಗಿದರೆ ಸಾಕು. ಅಲ್ಲಿ ಹಿಮ ಕರಗಿ ಹಡಗಿನ ದಾರಿ ತೆರೆದಂತೆಲ್ಲ ರಷ್ಯಾ ಸೋವಿಯತ್ ಕಾಲದ ನೆಲೆಗಳನ್ನು ಮತ್ತೆ ಎಬ್ಬಿಸಿತು. ಉಕ್ರೇನ್ ಯುದ್ಧದ ನಂತರ 2022ರಲ್ಲಿ ಆರ್ಕ್ಟಿಕ್ ಮಂಡಳಿಯ ಕೆಲಸವೇ ನಿಂತಿತು. ರಷ್ಯಾದ ಜೊತೆ ಸಹಕಾರ ಕಡಿದು ಹೋದದ್ದರಿಂದ ಅರ್ಧ ಆರ್ಕ್ಟಿಕ್‌ನ ಮಾಹಿತಿ ಹೊರಗಿನ ವಿಜ್ಞಾನಿಗಳ ಕೈತಪ್ಪಿತು. ಫಿನ್‌ಲ್ಯಾಂಡ್, ಸ್ವೀಡನ್ ನೇಟೊ ಸೇರಿದವು. ಗ್ರೀನ್‌ಲ್ಯಾಂಡ್ ಕೊಡಿ ಎಂದು ಅಮೆರಿಕದ ಅಧ್ಯಕ್ಷರೇ ಬಹಿರಂಗವಾಗಿ ಕೇಳುತ್ತಾರೆ. ಹಿಮ ಕರಗುವುದನ್ನು ತಡೆಯಲು ಒಂದಾಗಬೇಕಾದವರು ಕರಗಿದ ಜಾಗಕ್ಕೆ ಕಿತ್ತಾಡುತ್ತಿದ್ದಾರೆ.

ಇದನ್ನೆಲ್ಲ ಹೇಳಿದಾಗ ಧಾರವಾಡ ಕಡೆಯ ಗೆಳೆಯನೊಬ್ಬ ಕೋಥರೂಡಿನ ಖಾನಾವಳಿಯಲ್ಲಿ ಕೂತು ನನಗೆ ಕೇಳಿದ, ‘ಎಲ್ಲಾ ಖರೇ ಅದ ಮಾರಾಯಾ, ಆದ್ರ ಕಾರ್ಗಿಲ್ ಮರತಿ ಏನು?’ ನ್ಯಾಯವಾದ ಪ್ರಶ್ನೆ. ಚಳಿಗಾಲದಲ್ಲಿ ಬಿಟ್ಟುಬಂದ ಠಾಣೆಗಳನ್ನು 1999ರಲ್ಲಿ ಪಾಕಿಸ್ತಾನ ಹಿಡಿದು ಕೂತಿತು. ಅವನ್ನು ಬಿಡಿಸಿಕೊಳ್ಳಲು ಐನೂರಕ್ಕೂ ಹೆಚ್ಚು ಜೀವ ತೆತ್ತೆವು. 2020ರಲ್ಲಿ ಗಾಲ್ವಾನ್‌ನಲ್ಲಿ ಚೀನಾ ಏನು ಮಾಡಿತೆಂದೂ ಗೊತ್ತು. ಆದ್ದರಿಂದಲೇ ಒಬ್ಬಂಟಿಯಾಗಿ ಇಳಿಯುವ ಮಾತನ್ನು ನಾನು ಆಡುತ್ತಿಲ್ಲ. ಸೇನೆಗಳು ಈಗ ನಿಂತಿರುವ ಜಾಗಗಳನ್ನು ನಕಾಶೆಯಲ್ಲಿ ಗುರುತಿಸಿ ಎರಡೂ ಕಡೆ ಸಹಿ ಹಾಕಬೇಕೆಂಬ ಭಾರತದ ಹಟ ಸರಿಯಾದದ್ದೇ. ಆ ಸಹಿಗೆ ಒಪ್ಪದೆ ಪಾಕಿಸ್ತಾನ ತನ್ನ ಸೈನಿಕರಿಗೂ ದ್ರೋಹ ಮಾಡಿದೆ. ಆದರೆ ಕಾರ್ಗಿಲ್ ಕಾಲದಲ್ಲಿ ನಮಗೆ ವಿಷಯ ತಿಳಿದದ್ದು ಕುರಿ ಕಾಯುವವರಿಂದ. ಇಂದು ಹಿಮದ ಮೇಲೆ ಸಾಲಾಗಿ ನಡೆಯುವವರು ಉಪಗ್ರಹಕ್ಕೆ, ಡ್ರೋನಿಗೆ ಕಾಣುತ್ತಾರೆ. ಕಾವಲಿಗೆ ಮನುಷ್ಯನ ಶ್ವಾಸಕೋಶವನ್ನೇ ಒತ್ತೆ ಇಡಬೇಕಾದ ಕಾಲ ಇದಲ್ಲ.

ಒಪ್ಪಂದ ಅಸಾಧ್ಯ ಎನ್ನುವವರು ಇತಿಹಾಸ ನೋಡಲಿ. 1989ರಲ್ಲಿ, ಮತ್ತೆ 1992ರಲ್ಲಿ ಎರಡೂ ದೇಶ ಸಹಿಯ ಹತ್ತಿರ ಬಂದಿದ್ದವು. 2005ರಲ್ಲಿ ಮನಮೋಹನ್ ಸಿಂಗ್ ಸಿಯಾಚಿನ್‌ಗೇ ಹೋಗಿ, ಇದನ್ನು ಶಾಂತಿಯ ಪರ್ವತ ಮಾಡೋಣ ಎಂದರು. ಗಯಾರಿಯ ನಂತರ ಪಾಕಿಸ್ತಾನದ ಸೇನಾ ಮುಖ್ಯಸ್ಥ ಕಯಾನಿ ಕೂಡ ಈ ಸಮಸ್ಯೆ ಬಗೆಹರಿಯಬೇಕೆಂದರು. ಪ್ರತಿ ಸಲವೂ ಏನೋ ಒಂದು ಅಡ್ಡ ಬಂತು. ಪಹಲ್ಗಾಮ್ ಮತ್ತು ‘ಆಪರೇಷನ್ ಸಿಂಧೂರ’ದ ನಂತರವಂತೂ ಈ ಮಾತಿಗೆ ಜಾಗವೇ ಇಲ್ಲದಂತಾಗಿದೆ. ಆದರೆ ಮಾತು ಕಷ್ಟವಾದ ಕಾಲದಲ್ಲೇ ಅದನ್ನು ಬಿಡದೆ ಆಡಬೇಕು. ಇಲ್ಲದಿದ್ದರೆ ಕಾಲ ಅನುಕೂಲವಾದಾಗ ಆಡಲು ಯಾರಿಗೂ ನೆನಪಿರುವುದಿಲ್ಲ.

‘ಎಸಿ ಆಫೀಸಿನಲ್ಲಿ ಕೂತವರಿಗೆ ಇದರ ಬಗ್ಗೆ ಮಾತಾಡುವ ಹಕ್ಕೇನು?’ ಎಂಬ ಪ್ರಶ್ನೆಯೂ ಬರುತ್ತದೆ. ಎಸಿಯಲ್ಲಿ ಕೂತೇ ‘ಒಂದಿಂಚೂ ಬಿಡಬಾರದು’ ಎನ್ನುವವರಿಗೆ ಯಾರೂ ಇದನ್ನು ಕೇಳುವುದಿಲ್ಲ. ಪ್ರಜಾಪ್ರಭುತ್ವದಲ್ಲಿ ಸೈನಿಕ ಪ್ರಶ್ನೆ ಕೇಳುವಂತಿಲ್ಲ, ಹೇಳಿದಲ್ಲಿ ನಿಲ್ಲುತ್ತಾನೆ. ಅವನ ಪರವಾಗಿ ಪ್ರಶ್ನೆ ಕೇಳುವ ಕೆಲಸ ನಮ್ಮದು. ಮತ ಹಾಕುವವರು ನಾವು, ತೆರಿಗೆ ಕಟ್ಟುವವರು ನಾವು. ಪ್ರತಿ ಠಾಣೆಯ ಹಿಮಕುಸಿತದ ಅಪಾಯವನ್ನು ಹೊಸದಾಗಿ ಅಳೆದಿದ್ದೀರಾ ಎಂದು ಕೇಳೋಣ. ಅಪಾಯ ಹೆಚ್ಚಿದ ಠಾಣೆ ಯಾಕೆ ಖಾಲಿಯಾಗಿಲ್ಲ ಎಂದು ನಮ್ಮ ಸಂಸದರನ್ನು ಕೇಳೋಣ. ಹಿಮ ಬಿದ್ದು ಸತ್ತವರ ಲೆಕ್ಕವನ್ನು ಯಾರೋ ಪ್ರಶ್ನೆ ಹಾಕಿದಾಗ ಮಾತ್ರ ಕೊಡದೆ, ಪ್ರತಿ ವರ್ಷ ತಾವಾಗಿಯೇ ಸಂಸತ್ತಿನ ಮುಂದಿಡಿ ಎಂದು ಕೇಳೋಣ.

ಹನುಮಂತಪ್ಪನವರ ಫೋಟೋವನ್ನು ಡಿಪಿ ಮಾಡಿಕೊಂಡವರು ಲಕ್ಷಾಂತರ ಜನ. ಅವರ ಹೆಸರಿನಲ್ಲಿ ಒಂದು ಪ್ರಶ್ನೆ ಕೇಳಿದವರು ಬೆರಳೆಣಿಕೆಯಷ್ಟು. ಆರು ದಿನ ಹಿಮದಡಿ ಉಸಿರು ಹಿಡಿದಿದ್ದ ಮನುಷ್ಯನನ್ನು ಪವಾಡ ಎಂದು ಕೊಂಡಾಡಿದೆವು. ಆ ಹಿಮದಡಿಗೆ ಇನ್ನೊಬ್ಬ ಹೋಗದಂತೆ ನೋಡಿಕೊಳ್ಳಲು ಪವಾಡ ಬೇಕಿಲ್ಲ, ಎರಡು ಸರ್ಕಾರಗಳ ಸಹಿ ಸಾಕು. ಆ ಸಹಿಗಾಗಿ ಒತ್ತಾಯಿಸುವುದೇ ಯೋಧರಿಗೆ ನಾವು ಸಲ್ಲಿಸಬಹುದಾದ ಗೌರವ. ಮಿಕ್ಕದ್ದೆಲ್ಲ ಫಾರ್ವರ್ಡ್ ಮೆಸೇಜು.